ಹಸಿರು ಡಬ್ಬಿ, ಪಂಪ್ ಬಾಟಲಿ, ಹಿತ್ತಲ ಗಿಡ: ಲೋಳೆಸರದಲ್ಲಿ ಯಾವುದು ಯಾವುದಕ್ಕೆ?

ಕಾಸರಗೋಡು, ಕುಂಬಳೆ, ಬದಿಯಡ್ಕದ ಅಂಗಡಿಗಳಲ್ಲಿ ಲೋಳೆಸರದ ಜೆಲ್ ಕೇಳಿದರೆ ಹೆಚ್ಚಾಗಿ ಎರಡು ಬಗೆ ಸಿಗುತ್ತದೆ: ಘಮಘಮಿಸುವ ಹಸಿರು ಡಬ್ಬಿ ಒಂದು, ಬಣ್ಣವಿಲ್ಲದ ಪಂಪ್ ಬಾಟಲಿ ಇನ್ನೊಂದು. ಮೂರನೆಯದು ಹಿತ್ತಲಲ್ಲೇ ಇರುತ್ತದೆ. ಇಲ್ಲದವರು ನರ್ಸರಿಯಲ್ಲಿ ಮಲಯಾಳದ ಹೆಸರು ಹೇಳಿ ‘ಕಟ್ಟಾರ್‌ವಾಳ’ ಅಂದರೆ ಕೊಡುತ್ತಾರೆ.

ಹಸಿರು ಡಬ್ಬಿಗೆ ಅಂಕ ಕಡಿಮೆ. ಲೋಳೆಗೆ ಸ್ವಂತ ಬಣ್ಣವೇ ಇಲ್ಲ. ಲೇಬಲ್‌ನಲ್ಲಿ ಸಿಐ 42090, ಸಿಐ 19140 ಎಂದಿದ್ದರೆ ಅದು ನೀಲಿ ಮತ್ತು ಹಳದಿ ಬೆರೆಸಿ ಬರಿಸಿದ ಹಸಿರು. ಮಂದವಾಗಿಸುವುದು ಕಾರ್ಬೋಮರ್ ಎಂಬ ರಾಸಾಯನಿಕ. ‘ಶೇ. 99 ಲೋಳೆಸರ’ ಎಂಬ ಮಾತನ್ನೂ ತಿಳಿದು ಓದಬೇಕು: ಇನ್ನೂರು ಪಟ್ಟು ಸಾಂದ್ರಗೊಳಿಸಿದ ಪುಡಿಯನ್ನು ಲೀಟರ್ ನೀರಿಗೆ 5 ಗ್ರಾಂ ಕಲಸಿದರೂ ಲೆಕ್ಕದಲ್ಲಿ ಅದು ಪೂರ್ತಿ ಲೋಳೆರಸವೇ. ಹಸಿ ಲೋಳೆಯಲ್ಲೂ ಸುಮಾರು ಶೇ. 99 ನೀರೇ ಇರುವುದರಿಂದ ಇದನ್ನು ಮೋಸ ಎನ್ನಲಾಗದು. ಬಿಸಿಲಿಗೆ ಕೆಂಪಾದ ಚರ್ಮಕ್ಕೆ, ಕ್ಷೌರದ ಉರಿಗೆ ಈ ಡಬ್ಬಿ ಸಾಕು. ಒಡೆದ ಚರ್ಮಕ್ಕೆ ಬೇಡ. ಸುಗಂಧ, ಆಲ್ಕೋಹಾಲ್ ಇದ್ದರೆ ಚುರುಗುಟ್ಟುತ್ತದೆ. ಬಾಯಿಗಂತೂ ಬೇಡವೇ ಬೇಡ.

ಪಂಪ್ ಬಾಟಲಿ ವಾಸಿ, ಸುಗಂಧವಿಲ್ಲದ್ದಾದರೆ. ಲೇಬಲ್ಲಿನ ಪಟ್ಟಿಯಲ್ಲಿ ಲೋಳೆಸರದ ಸಸ್ಯನಾಮ ‘ಅಲೋ ಬಾರ್ಬಡೆನ್ಸಿಸ್’ ಮೊದಲ ಎರಡು ಹೆಸರುಗಳೊಳಗೆ ಇರಬೇಕು. ಬೆರಳು ಅದ್ದುವ ಡಬ್ಬಿಗಿಂತ ಪಂಪಿನಲ್ಲಿ ಕೊಳೆ ಸೇರುವುದು ಕಡಿಮೆ, ನಮ್ಮ ಸೆಕೆಗೆ ಇದು ಸಣ್ಣ ವಿಷಯವಲ್ಲ. ಯಾವುದನ್ನೇ ಆಗಲಿ ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದು ದಿನ ನೋಡಿ.

ಹಿತ್ತಲ ಎಲೆಯೇ ಉತ್ತಮ, ಆದರೆ ಬಿಡಿಸಲು ತಿಳಿದಿರಬೇಕು. ಸಿಪ್ಪೆಯ ಅಡಿಯ ಹಳದಿ ಸೊನೆಯಲ್ಲಿ ಅಲೋಯಿನ್ ಎಂಬ ಅಂಶ ಇದೆ. ಚರ್ಮಕ್ಕೆ ತುರಿಕೆ, ಹೊಟ್ಟೆಗೆ ಹೋದರೆ ಭೇದಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಇದನ್ನು ಅಂಗಡಿಯಲ್ಲಿ ನೇರವಾಗಿ ಮಾರುವ, ಭೇದಿ ಮಾಡಿಸುವ ಔಷಧಿಗಳಿಂದ ಹೊರಗಿಟ್ಟಿತು. ‘ಲೋಳೆಸರ ಹಚ್ಚಿದರೆ ತುರಿಸುತ್ತದೆ’ ಎನ್ನುವವರಲ್ಲಿ ಹಲವರಿಗೆ ತೊಂದರೆ ಕೊಟ್ಟಿರುವುದು ಲೋಳೆಯಲ್ಲ, ಈ ಸೊನೆ. ಬುಡದ ದಪ್ಪ ಹೊರ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿ ಕೆಳಗಾಗುವಂತೆ ಲೋಟದಲ್ಲಿ 15 ನಿಮಿಷ ನಿಲ್ಲಿಸಿ. ತೊಳೆದು, ಬುಡದ ಬಿಳಿ ಭಾಗವನ್ನೂ ಎರಡು ಬದಿಯ ಮುಳ್ಳನ್ನೂ ತೆಗೆದು, ಚಪ್ಪಟೆ ಬದಿಯ ಸಿಪ್ಪೆ ಸುಲಿದು ಲೋಳೆ ಎತ್ತಿ. ಹಳದಿ ಗೆರೆ ಕಾಣಿಸಿದರೆ ಕೆರೆದು ಮತ್ತೆ ತೊಳೆಯಿರಿ. ಮಿಕ್ಸಿಯಲ್ಲಿ ಹೆಚ್ಚು ತಿರುಗಿಸಿದರೆ ನೊರೆಯೆದ್ದು ನೀರಾಗುತ್ತದೆ. ಫ್ರಿಜ್ಜಿನಲ್ಲಿ ಎರಡು ಮೂರು ದಿನ. ಕಂದು ತಿರುಗಿದರೆ ಚೆಲ್ಲಿ.

ಬಿಸಿ ಎಣ್ಣೆ ಸಿಡಿದಲ್ಲಿ ಮೊದಲ ಮದ್ದು 20 ನಿಮಿಷ ಹರಿಯುವ ತಣ್ಣೀರು. ಚರ್ಮ ಒಡೆಯದಿದ್ದರೆ ಮಾತ್ರ ಆಮೇಲೆ ಲೋಳೆ. ಗೇರುಬೀಜದ ಸೊನೆ ತಾಗಿದಲ್ಲಿ ಸಾಬೂನು ಹಾಕಿ ತೊಳೆಯುವುದು ಮೊದಲು. ಆ ಸೊನೆ ಎಣ್ಣೆಯಂಥದ್ದು, ಬರಿ ನೀರಿಗೆ ಜಗ್ಗುವುದಿಲ್ಲ. ಲೋಳೆ ಉರಿ ತಣಿಸೀತು, ಸೊನೆಯ ವಿಷ ತೆಗೆಯದು. ಆಳದ ಗಾಯಕ್ಕೆ, ಹೊಲಿಗೆ ಬಿಚ್ಚಿದ ಗಾಯಕ್ಕೆ ಹಾಕಬೇಡಿ: ಸಿಸೇರಿಯನ್ ಹೆರಿಗೆ ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ತೆರೆದುಕೊಂಡ ಗಾಯಗಳ ಮೇಲಿನ 1991ರ ಅಧ್ಯಯನವೊಂದರಲ್ಲಿ ಲೋಳೆಸರ ಹಚ್ಚಿದವರಿಗೇ ಮಾಯಲು ಹೆಚ್ಚು ದಿನ ಹಿಡಿಯಿತು.

ಬಾಯಿಹುಣ್ಣಿಗೆ ಹಚ್ಚಿದ್ದು ಜೊಲ್ಲಿನಲ್ಲಿ ಜಾರಿಹೋಗುತ್ತದೆ, ‘ಗುಣ ಕಾಣಲಿಲ್ಲ’ ಎನ್ನುವುದಕ್ಕೆ ಅದೂ ಒಂದು ಕಾರಣ. ಊಟದ ನಂತರ ಬಾಯಿ ಮುಕ್ಕಳಿಸಿ, ಹುಣ್ಣನ್ನು ಶುದ್ಧ ಬಟ್ಟೆಯಿಂದ ಒತ್ತಿ ಒಣಗಿಸಿ, ಕಡಲೆ ಗಾತ್ರದ ಹಸಿ ಲೋಳೆ ಇಡಿ. ಅರ್ಧ ಗಂಟೆ ಏನೂ ತಿನ್ನದಿರಿ, ಬಳಿಕ ಉಗುಳಿ. ದಿನಕ್ಕೆ ಮೂರು ಬಾರಿ. ಗರ್ಭಿಣಿಯರು ನುಂಗಲೇಬಾರದು. ಬಾಯಿಗೆಂದೇ ತಯಾರಿಸಿದ ಜೆಲ್‌ಗಳೂ ಇವೆ. ಅವು ಅಂಟಿಕೊಂಡು ಹೆಚ್ಚು ಹೊತ್ತು ನಿಲ್ಲುತ್ತವೆ, ಕೆಲಸಕ್ಕೆ ಹೋಗುವವರಿಗೆ ಅನುಕೂಲ.

ಅಡಿಕೆಯ ನಾಡಿನಲ್ಲಿ ಇದನ್ನು ಹೇಳದೆ ಬಿಡುವಂತಿಲ್ಲ: ಕವಳ (ತಾಂಬೂಲ) ಜಗಿಯುತ್ತಲೇ ಲೋಳೆ ಹಚ್ಚಿದರೆ ಸುಣ್ಣ, ಹೊಗೆಸೊಪ್ಪು ಅದೇ ಹುಣ್ಣನ್ನು ಕೆರಳಿಸುತ್ತಿರುತ್ತವೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿನ್ನಲಾಗದಷ್ಟು ಉರಿ, ಬಾಯಿ ಮೊದಲಿನಷ್ಟು ತೆರೆಯದಿರುವುದು, ಇವುಗಳಲ್ಲಿ ಒಂದಿದ್ದರೂ ಲೋಳೆ ನಿಲ್ಲಿಸಿ ದಂತವೈದ್ಯರಿಗೆ ತೋರಿಸಿ.