ಅಕೌಸ್ಟಿಕ್ ಗಿಟಾರಿಗೆ ಎಲೆಕ್ಟ್ರಿಕ್ ಫ್ಲಾಟ್‌ವೌಂಡ್ ತಂತಿ ಹಾಕಬೇಡಿ: ನನ್ನ ಬ್ರಿಡ್ಜ್ ಎದ್ದಿದ್ದು ಹೀಗೆ

ಗಿಟಾರಿನ ಮೇಲ್ಹಲಗೆಗೆ ಅಂಟಿಸಿರುವ, ತಂತಿಗಳ ತುದಿ ಹಿಡಿಯುವ ಮರದ ಪಟ್ಟಿಯೇ ಬ್ರಿಡ್ಜ್. ಅದರ ಹಿಂಬದಿ ಅಂಚಿಗೆ ಒಂದು ತೆಳು ಕಾಗದ ತಾಗಿಸಿ ನೋಡಿದೆ. ಅದು ತಡೆಯಿಲ್ಲದೆ ಒಳಗೆ ಜಾರಿತು. ಹನ್ನೊಂದು ವರ್ಷದಿಂದ ಜೊತೆಗಿರುವ ಗಿಟಾರ್ ಅದು. ಆ ಕ್ಷಣ ನನ್ನ ಕೈ ತಣ್ಣಗಾಯಿತು. ಇನ್ನೊಬ್ಬರ ಗಿಟಾರಿಗೆ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ರೆಕಾರ್ಡಿಂಗ್‌ನಿಂದ. ಬೆರಳಿನಿಂದ ಮೀಟುವ ನಿಧಾನಗತಿಯ ಒಂದು ತುಣುಕು. ಪ್ರತಿ ಸಲ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಬದಲಿಸುವಾಗಲೂ ದಪ್ಪ ತಂತಿಗಳ ಮೇಲೆ ಬೆರಳು ಜಾರಿ 'ಕೀಂಚ್' ಅನ್ನುವ ಸದ್ದು ಬರುತ್ತಿತ್ತು. ಮಾಮೂಲಿ ತಂತಿಯ ಮೇಲ್ಸುತ್ತು ದುಂಡು ಕಂಬಿಯದು, ಮುಟ್ಟಿದರೆ ಏಣು ಏಣಾಗಿ ಸಿಗುತ್ತದೆ. ಬೆರಳು ಆ ಏಣುಗಳನ್ನು ಉಜ್ಜಿದಾಗ ಹುಟ್ಟುವ ಸದ್ದೇ ಅದು. ಫ್ಲಾಟ್‌ವೌಂಡ್‌ನಲ್ಲಿ ಮೇಲ್ಸುತ್ತು ಚಪ್ಪಟೆ ಪಟ್ಟಿಯದು, ಮೈ ನುಣುಪು. ಕೀಂಚ್ ಸದ್ದಿಗೆ ಇದೇ ಮದ್ದು ಅಂದುಕೊಂಡು ಎಲೆಕ್ಟ್ರಿಕ್ ಗಿಟಾರಿನ ಒಂದು ಸೆಟ್ ತಂದೆ. ತುದಿಯ ಗುಂಡು ಅದೇ ಅಳತೆ, ಉದ್ದ ಸಾಕಾಗುತ್ತದೆ, ಬ್ರಿಡ್ಜ್ ಪಿನ್ ಕೆಳಗೆ ಸರಿಯಾಗಿ ಕೂರುತ್ತದೆ. ತಪ್ಪು ಅಂತ ತಡೆಯುವಂಥದ್ದು ಏನೂ ಎದುರಾಗುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ಮೊದಲ ಏಟು ತಂತಿ ಕಟ್ಟುವಾಗಲೇ ಬಿತ್ತು. ಫ್ಲಾಟ್‌ವೌಂಡ್ ತಂತಿಯನ್ನು ಕತ್ತರಿಸುವ ಮುಂಚೆ, ಕತ್ತರಿಸುವ ಜಾಗಕ್ಕಿಂತ ಸ್ವಲ್ಪ ಈಚೆಗೆ, ಲಂಬಕೋನದಲ್ಲಿ ಗಟ್ಟಿಯಾಗಿ ಮಡಚಬೇಕು. ಆ ಮಡಿಕೆಯೇ ಪಟ್ಟಿಯನ್ನು ಒಳತಂತಿಗೆ ಕಚ್ಚಿಸಿ ಹಿಡಿಯುವುದು. ನಾನು ಎಂದಿನಂತೆ ನೇರವಾಗಿ ಕತ್ತರಿಸಿದೆ. ಎಲ್ಲಕ್ಕಿಂತ ದಪ್ಪವಾದ ಆರನೇ ತಂತಿಯ ಪಟ್ಟಿ ಸಡಿಲಗೊಂಡಿತು. ಶ್ರುತಿಗೆ ಏರಿಸಿದರೂ ಜೀವವಿಲ್ಲದ ಮಂಕು ಸದ್ದು. ಒಮ್ಮೆ ಸಡಿಲವಾದ ಪಟ್ಟಿ ಮತ್ತೆ ಬಿಗಿಯಾಗುವುದಿಲ್ಲ, ಆ ತಂತಿ ಕಸಕ್ಕೆ. ಇನ್ನೊಂದು ಸೆಟ್ ತರಬೇಕಾಯಿತು.

ಎರಡನೇ ಸೆಟ್ ಸರಿಯಾಗಿ ಕೂತಿತು. ಕೀಂಚ್ ಸದ್ದು ನಿಜಕ್ಕೂ ಮಾಯ. ಆದರೆ ಒಂದು ಜಿ ಮೇಜರ್ ಕಾರ್ಡ್ ಬಾರಿಸಿದ ಕೂಡಲೇ ಎದೆ ಕುಸಿಯಿತು. ಸುತ್ತಿಲ್ಲದ ಮೊದಲೆರಡು ತಂತಿಗಳು ಹಿಂದಿನಂತೆಯೇ ಠಣ್ ಅನ್ನುತ್ತವೆ, ಕೆಳಗಿನ ನಾಲ್ಕರ ಮೇಲೆ ಯಾರೋ ಕಂಬಳಿ ಹೊದಿಸಿದ ಹಾಗೆ. ಒಂದೇ ಗಿಟಾರಿನಲ್ಲಿ ಎರಡು ವಾದ್ಯ. ಮೀಟಿದ ಮೇಲೆ ಉಳಿಯುವ ಆ ಗುಂಯ್‌ಗುಡುವಿಕೆ ಇಲ್ಲವೇ ಇಲ್ಲ, ಧಬ್ ಅಂದು ಮುಗಿದುಹೋಗುತ್ತದೆ.

ಕಾರಣ ಸರಳ. ಎಲೆಕ್ಟ್ರಿಕ್ ತಂತಿಯನ್ನು ಪಿಕಪ್‌ನ (ತಂತಿಯ ಅದುರನ್ನು ವಿದ್ಯುತ್ತಾಗಿಸುವ ಭಾಗ) ಅಯಸ್ಕಾಂತಕ್ಕಾಗಿ ಮಾಡಿರುತ್ತಾರೆ. ಅದರ ಮೇಲ್ಸುತ್ತು ನಿಕ್ಕಲ್ ಅಥವಾ ಸ್ಟೀಲ್. ದನಿ ಎಷ್ಟು ಜೋರಿರಬೇಕು, ಎಷ್ಟು ಹೊಳಪಿರಬೇಕು ಅನ್ನುವುದನ್ನು ಆಂಪ್ (ಧ್ವನಿವರ್ಧಕ) ನೋಡಿಕೊಳ್ಳುತ್ತದೆ. ಅಕೌಸ್ಟಿಕ್‌ಗೆ ಮೇಲ್ಹಲಗೆಯೇ ಆಂಪ್. ತಂತಿಯಲ್ಲಿ ಹುಟ್ಟದ ಹೊಳಪನ್ನು ಹಲಗೆ ಎಲ್ಲಿಂದ ತಂದೀತು? 80 ಪಾಲು ತಾಮ್ರ 20 ಪಾಲು ಸತುವಿನ ಬ್ರಾಂಜ್ ಸುತ್ತು, ಅಥವಾ ತಾಮ್ರ-ತವರದ ಫಾಸ್ಫರ್ ಬ್ರಾಂಜ್, ಅಕೌಸ್ಟಿಕ್‌ಗೆ ಒಗ್ಗಿರುವುದು ಸುಮ್ಮನೆ ಅಲ್ಲ. ಫ್ಲಾಟ್‌ವೌಂಡ್‌ನಲ್ಲಂತೂ ಅಕ್ಕಪಕ್ಕದ ಪಟ್ಟಿಗಳು ಒಂದಕ್ಕೊಂದು ತಾಗಿ ಮೇಲಿನ ಸೂಕ್ಷ್ಮ ಸ್ವರಾಂಶಗಳನ್ನು ಬೇಗ ನುಂಗಿಬಿಡುತ್ತವೆ.

ಆಗಲೇ ಬಿಚ್ಚಬೇಕಿತ್ತು. ತಂತಿ ಪಳಗಲಿ, ದನಿ ತೆರೆದುಕೊಳ್ಳುತ್ತದೆ ಅಂತ ಕಾದೆ. ಫ್ಲಾಟ್‌ವೌಂಡ್ ಹಳೆಯದಾದಷ್ಟೂ ಮಂಕಾಗುತ್ತದೆಯೇ ಹೊರತು ಹೊಳಪೇರುವುದಿಲ್ಲ. ಈ ನಡುವೆ ಶ್ರುತಿ ಮಾಡುವಾಗ ನಟ್‌ನಲ್ಲಿ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) 'ಟಿಂಕ್' ಅನ್ನುವುದು ಶುರುವಾಯಿತು. ಅಲ್ಲಿ ಕೊರೆದಿದ್ದ ಕಚ್ಚು 53ರ ತಂತಿಗೆ (ಅಂದರೆ ಇಂಚಿನ ಸಾವಿರದ 53 ಪಾಲು ದಪ್ಪ), ನಾನು ತೂರಿಸಿದ್ದು 56. ತಂತಿ ಅಲ್ಲಿ ಸಿಕ್ಕಿಹಾಕಿಕೊಂಡು ಒಮ್ಮೆಲೇ ಜಿಗಿಯುತ್ತಿತ್ತು. ಶ್ರುತಿ ನಿಲ್ಲುತ್ತಲೇ ಇರಲಿಲ್ಲ.

ನನ್ನ ದೊಡ್ಡ ತಪ್ಪು ಆ ಗೇಜ್, ಅಂದರೆ ತಂತಿಯ ದಪ್ಪ. ಮೊದಲಿದ್ದದ್ದು 12ರಿಂದ 53, ಹಾಕಿದ್ದು 13ರಿಂದ 56. ಒಂದಂಕಿ ತಾನೇ ಅನ್ನಿಸುತ್ತದೆ. ಆದರೆ ಅದೇ ಸ್ವರಕ್ಕೆ ಏರಿಸಬೇಕಾದರೆ ಎಳೆತ ತಂತಿಯ ತೂಕದ ಜೊತೆಗೇ ಏರುತ್ತದೆ, ತೂಕವೋ ದಪ್ಪದ ವರ್ಗದಷ್ಟು ಏರುತ್ತದೆ. ಎಲ್ಲಕ್ಕಿಂತ ತೆಳುವಾದ ಮೊದಲ ತಂತಿಯೊಂದನ್ನೇ ನೋಡಿ: 12ರಲ್ಲಿ ಸುಮಾರು 10.6 ಕೆಜಿ ಇದ್ದ ಎಳೆತ 13ರಲ್ಲಿ 12.4 ಕೆಜಿ ಹತ್ತಿರ ಹೋಗುತ್ತದೆ. ಇನ್ನು ಫ್ಲಾಟ್‌ವೌಂಡ್‌ನ ಸುತ್ತುಗಳ ನಡುವೆ ಖಾಲಿ ಜಾಗ ಕಡಿಮೆ, ಅಷ್ಟೇ ದಪ್ಪದಲ್ಲಿ ಲೋಹ ಹೆಚ್ಚು. ಆರೂ ತಂತಿ ಸೇರಿ ಮೊದಲೇ 70 ಕೆಜಿಗೂ ಮೀರಿ ಎಳೆಯುತ್ತಿದ್ದ ಬ್ರಿಡ್ಜ್ ಮೇಲೆ ಇಷ್ಟು ಹೊರೆ ಸೇರಿಸಿದ್ದೆ.

ಆ ಬ್ರಿಡ್ಜ್ ನಿಂತಿರುವುದು ಅಂಟಿನ ಬಲದಿಂದ. ಫ್ಲಾಟ್‌ವೌಂಡ್ ತಂತಿಗಳು ಮೆರೆಯುವುದು ಜಾಝ್ ಬಾರಿಸುವವರ, ಮೇಲ್ಹಲಗೆ ಉಬ್ಬಿರುವ ಆರ್ಚ್‌ಟಾಪ್ ಗಿಟಾರುಗಳಲ್ಲಿ. ಅವುಗಳಲ್ಲಿ ಸಾಮಾನ್ಯವಾಗಿ ತಂತಿಯ ಎಳೆತವನ್ನು ದೇಹದ ತುದಿಯಲ್ಲಿರುವ ಟೇಲ್‌ಪೀಸ್ ಹೊರುತ್ತದೆ, ಬ್ರಿಡ್ಜ್ ಮೇಲೆ ಬೀಳುವುದು ಕೆಳಮುಖದ ಒತ್ತಡ ಮಾತ್ರ. ನಮ್ಮ ಚಪ್ಪಟೆ ಹಲಗೆಯ (ಫ್ಲಾಟ್‌ಟಾಪ್) ಅಕೌಸ್ಟಿಕ್‌ನಲ್ಲಿ ತಂತಿಗಳು ಬ್ರಿಡ್ಜನ್ನೇ ಮುಂದಕ್ಕೆ ಬಗ್ಗಿಸಿ ಹಿಂಬದಿಯನ್ನು ಕೀಳಲು ನೋಡುತ್ತವೆ. ಆ ತಂತಿಗಳನ್ನು ನಾನು ದೂರುತ್ತಿಲ್ಲ. ಅವುಗಳ ಮನೆ ಬೇರೆ.

ನಾಲ್ಕನೇ ವಾರಕ್ಕೆ ಹನ್ನೆರಡನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡಕಂಬಿ) ಮೇಲೆ 2.5 ಮಿಮೀ ಇದ್ದ ತಂತಿಯ ಎತ್ತರ 3.5 ಆಗಿತ್ತು. ಒತ್ತಿದರೆ ಬೆರಳು ನೋಯುತ್ತಿತ್ತು. ಕತ್ತಿನೊಳಗಿನ ಲೋಹದ ಸರಳು, ಟ್ರಸ್ ರಾಡ್, ತಿರುಗಿಸಿ ಕತ್ತಿನ ಬಾಗು ತೆಗೆದೆ, ಎತ್ತರ ಹೆಚ್ಚೇನೂ ಇಳಿಯಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದಾಗ ಕಂಡದ್ದು ಬ್ರಿಡ್ಜ್ ಹಿಂದಿನ ಹಲಗೆಯ ಉಬ್ಬು. ಆಮೇಲೆ ಆ ಕಾಗದ.

ರಿಪೇರಿ ಮಾಡುವವರು ಬಿಸಿ ಕೊಟ್ಟು, ತೆಳು ಅಲಗು ಆಡಿಸಿ ಬ್ರಿಡ್ಜನ್ನು ಪೂರ್ತಿ ಬಿಡಿಸಿ, ಹಳೆಯ ಅಂಟು ಕೆರೆದು ಮತ್ತೆ ಅಂಟಿಸಿದರು. ಒಂದೆಡೆ ಹಲಗೆಯ ನಾರು ಕಿತ್ತು ಬಂದಿತ್ತು. ಉಬ್ಬು ಅರ್ಧ ಇಳಿದಿದೆ, ಇನ್ನರ್ಧ ಹಾಗೇ ಉಳಿಯುತ್ತದಂತೆ.

"ಹಾಗಾದರೆ ತೆಳು ಎಲೆಕ್ಟ್ರಿಕ್ ಸೆಟ್ ಹಾಕಿದರಾಯಿತು" ಅನ್ನುವವರಿಗೆ: 10ರಿಂದ 46ರ ಸೆಟ್‌ನಲ್ಲಿ ಸಾಮಾನ್ಯವಾಗಿ ಮೂರನೇ ತಂತಿಗೆ ಸುತ್ತೇ ಇರುವುದಿಲ್ಲ. ಅಕೌಸ್ಟಿಕ್‌ನ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಒರಗುವ ತೆಳು ಪಟ್ಟಿ) ಸುತ್ತಿರುವ ಮೂರನೇ ತಂತಿಗೆ ಹೊಂದಿಸಿದ್ದು, ಎಲೆಕ್ಟ್ರಿಕ್‌ನಂತೆ ಸ್ಕ್ರೂ ತಿರುಗಿಸಿ ಹಿಂದೆ ಸರಿಸಲು ಬರುವುದಿಲ್ಲ. ಒತ್ತದೆ ಬಿಟ್ಟ ತಂತಿ ಸರಿಯಿದ್ದರೂ ಫ್ರೆಟ್ ಒತ್ತಿದರೆ ಸ್ವರ ಏರಿಹೋಗುತ್ತದೆ, ಜೊತೆಗೆ ಆ ಒಂದು ತಂತಿ ಉಳಿದವನ್ನೆಲ್ಲ ಮೀರಿ ಕೂಗುತ್ತದೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಯಾವ ಸ್ಟೀಲ್ ತಂತಿಯೂ ಬೇಡ. ಅದು ತಡೆಯುವ ಎಳೆತ ಸುಮಾರು 40 ಕೆಜಿಯ ಆಸುಪಾಸಿನದು.

ಕೀಂಚ್ ಸದ್ದಿಗೆ ನನಗೆ ಕೊನೆಗೆ ಆಗಿಬಂದದ್ದು ಲೇಪನವಿರುವ ಫಾಸ್ಫರ್ ಬ್ರಾಂಜ್ ತಂತಿ, ಮತ್ತು ಮೈಕನ್ನು ಎಡಗೈಯಿಂದ ದೂರ ತಿರುಗಿಸಿದ್ದು. ಬೆರಳು ಎಳೆಯದೆ ಎತ್ತಿ ಇಡುವುದನ್ನು ಇನ್ನೂ ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ನುಣುಪು ಬೇಕಿದ್ದರೆ ಬ್ರಾಂಜ್ ಸುತ್ತನ್ನೇ ಉಜ್ಜಿ ನಯಗೊಳಿಸಿದ, ಅಕೌಸ್ಟಿಕ್‌ಗೆಂದೇ ಮಾಡಿದ ತಂತಿಗಳಿವೆ. ಎಳೆತ ಕಡಿಮೆ ಬೇಕೆಂದರೆ ಸಿಲ್ಕ್ ಆಂಡ್ ಸ್ಟೀಲ್ ಅನ್ನುವ ತಂತಿ.

ಈಗಾಗಲೇ ಹಾಕಿಬಿಟ್ಟಿದ್ದರೆ ಇವತ್ತೇ ಬ್ರಿಡ್ಜ್‌ನ ಹಿಂಬದಿ ಅಂಚಿನುದ್ದಕ್ಕೂ ಕಾಗದ ಆಡಿಸಿ ನೋಡಿ. ಒಳಗೆ ಹೋಗದಿದ್ದರೆ ಹಳೆಯ ಗೇಜಿಗೆ ಮರಳಿ. ಹೋದರೆ ಆರೂ ತಂತಿಯನ್ನು ಸ್ವಲ್ಪ ಸ್ವಲ್ಪವಾಗಿ, ಸರದಿಯಲ್ಲಿ ಸಡಿಲಿಸಿ, ಹಾಗೆಯೇ ರಿಪೇರಿಗೆ ಒಯ್ಯಿರಿ. ಸಂದಿಗೆ ನೀವೇ ಅಂಟು ಸುರಿಯಬೇಡಿ, ಹಳೆಯ ಅಂಟಿನ ಮೇಲೆ ಹೊಸದು ಸಾಮಾನ್ಯವಾಗಿ ಸರಿಯಾಗಿ ಹಿಡಿಯುವುದಿಲ್ಲ, ಮುಂದೆ ಬಿಡಿಸುವವರ ಕೆಲಸ ಇನ್ನೂ ಕಷ್ಟವಾಗುತ್ತದೆ.