ಸೂಜಿ ಡಬ್ಬಿಯ ಮುಚ್ಚಳದ ಮೇಲೊಂದು ಬಣ್ಣದ ಚಿತ್ರ

ಹಳೆಯ ಸಾಮಾನುಗಳನ್ನು ಆನ್‌ಲೈನ್‌ನಲ್ಲಿ ಮಾರುವ ಇಂಗ್ಲೆಂಡಿನ ವ್ಯಾಪಾರಿಯೊಬ್ಬರಿಂದ ಕಳೆದ ತಿಂಗಳು 45 ಪೌಂಡ್ ಕೊಟ್ಟು ಒಂದು ಸೂಜಿ ಡಬ್ಬಿಯನ್ನು ತರಿಸಿಕೊಂಡೆ. ರಟ್ಟಿನ ಡಬ್ಬಿ, ಗಾತ್ರದಲ್ಲಿ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಒಳಗೆ ಸೂಜಿಯ ಪೊಟ್ಟಣಗಳನ್ನಿಡಲು ನಾಲ್ಕು ಓರೆ ಗೂಡುಗಳಿವೆ. ನಾನು ಹಣ ಕೊಟ್ಟದ್ದು ಮಾತ್ರ ಮುಚ್ಚಳಕ್ಕೆ ಅಂಟಿಸಿರುವ, ಹೂಬುಟ್ಟಿ ಹಿಡಿದ ಹುಡುಗಿಯ ಚಿತ್ರಕ್ಕಾಗಿ.

ಲಂಡನ್ನಿನ ಮುದ್ರಕ ಜಾರ್ಜ್ ಬ್ಯಾಕ್ಸ್‌ಟರ್ 1835ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ, ಮೊದಲು ಲೋಹದ ಫಲಕದಿಂದ ಚಿತ್ರದ ಗೆರೆ ಮತ್ತು ನೆರಳುಗಳನ್ನು ಅಚ್ಚೊತ್ತಿ, ಅದರ ಮೇಲೆ ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚಿನಿಂದ ಎಣ್ಣೆ ಶಾಯಿಯನ್ನು ಒತ್ತಲಾಗುತ್ತಿತ್ತು. ಒಂದೇ ಹಾಳೆಯಲ್ಲಿ ಹಲವು ಪುಟ್ಟ ಚಿತ್ರಗಳನ್ನು ಹೀಗೆ ಮುದ್ರಿಸಿ ಸೂಜಿ ತಯಾರಕರಿಗೆ ಮಾರುತ್ತಿದ್ದರು; ಆ ಉದ್ಯಮದ ಕೇಂದ್ರವಾಗಿದ್ದ ರೆಡ್ಡಿಚ್ ನಾನಿರುವ ಬರ್ಮಿಂಗ್‌ಹ್ಯಾಮ್‌ಗೆ ಹತ್ತಿರದಲ್ಲೇ ಇದೆ. ಭೂತಗನ್ನಡಿ ಹಿಡಿದರೆ ಈ ಕೆಲಸ ಕಣ್ಣಿಗೇ ಕಾಣುತ್ತದೆ: ಹುಡುಗಿಯ ಕೆನ್ನೆಯ ಕೆಂಪಿನಡಿ ಫಲಕದ ಬೂದು ಬಣ್ಣದ ನವಿರಾದ ತರಿ ಇದೆ, ಲಂಗದ ಅಂಚಿನಲ್ಲಿ ನೀಲಿ ಅಚ್ಚು ಕೂದಲೆಳೆಯಷ್ಟು ಜರುಗಿ ಗೆರೆಯಿಂದ ಹೊರಗೆ ಚಾಚಿದೆ. ಆ ಜರುಗು ನನಗೆ ದೋಷವೆನಿಸಲಿಲ್ಲ. ನಮ್ಮ ಮನೆಗಳ ಹಳೆಯ ರವಿವರ್ಮ ಪಟಗಳು ಕಲ್ಲಚ್ಚಿನವಾದ್ದರಿಂದ ಅವುಗಳಲ್ಲಿ ಚುಕ್ಕಿಗಳು ಕಾಣುತ್ತವೆ. ಇಲ್ಲಿ ಬಣ್ಣ ಚುಕ್ಕಿಯಿಲ್ಲದೆ ಗಟ್ಟಿಯಾಗಿ ಕೂತಿದೆ. ಸಾಲು ಹಿಡಿದು ನಿಂತ ಯಂತ್ರದ ಚುಕ್ಕಿಗಳು ಕಂಡರಂತೂ ಅದು ಈಚಿನ ನಕಲೆಂದು ತಿಳಿದು ಕೈಬಿಡಬಹುದು.

ನನ್ನ ತಕರಾರು ವ್ಯಾಪಾರಿಯ ವಿವರಣೆಯ ಬಗ್ಗೆ. "ಬ್ಯಾಕ್ಸ್‌ಟರ್ ಅವರದೇ, ಹೆಸರು ಸಹಿತ" ಎಂದು ಬರೆದಿದ್ದರು. ಡಬ್ಬಿಯನ್ನು ಎಷ್ಟು ತಿರುಗಿಸಿ ನೋಡಿದರೂ ಹೆಸರು ಸಿಗಲಿಲ್ಲ. ಹಾಳೆಯ ಅಂಚಿನಲ್ಲಿ ಹೆಸರಿದ್ದರೂ ಡಬ್ಬಿಗೆ ಅಂಟಿಸುವಾಗ ಅದು ಕತ್ತರಿಯ ಪಾಲಾಗಿರಬಹುದೆಂಬುದು ನಿಜ. ಆದರೆ 1849ರಲ್ಲಿ ಪೇಟೆಂಟ್ ಇನ್ನೈದು ವರ್ಷಕ್ಕೆ ವಿಸ್ತರಣೆಗೊಂಡ ಆ ಕಾಲದಲ್ಲಿ ಲೆ ಬ್ಲಾಂಡ್, ಕ್ರೋನ್‌ಹೈಮ್ ಮೊದಲಾದವರೂ ಪರವಾನಗಿ ಪಡೆದು ಇದೇ ವಿಧಾನದಲ್ಲಿ ಮುದ್ರಿಸುತ್ತಿದ್ದರು, ಮತ್ತು ಬ್ಯಾಕ್ಸ್‌ಟರ್ 1867ರಲ್ಲಿ ತೀರಿಕೊಂಡ ಬಳಿಕ ಅವರ ಹಲವು ಫಲಕಗಳು ಲೆ ಬ್ಲಾಂಡ್ ಕೈಸೇರಿ ಮರುಮುದ್ರಣಗಳೂ ಬಂದವು. ಹೀಗಿರುವಾಗ "ಬ್ಯಾಕ್ಸ್‌ಟರ್ ವಿಧಾನದ ಚಿತ್ರ" ಎಂದಷ್ಟೇ ಬರೆಯುವುದು ಪ್ರಾಮಾಣಿಕತೆಯಾಗುತ್ತಿತ್ತು. ಇನ್ನೊಂದು ಕೊರತೆಯೆಂದರೆ, ಬಲ ಮೂಲೆಗೆ ಯಾರೋ ಈಚೆಗೆ ವಾರ್ನಿಶ್ ಬಳಿದಿದ್ದಾರೆ; ಉಳಿದೆಡೆ ಹಳದಿಗಟ್ಟಿ ಬಿರುಕು ಬಿಟ್ಟ ಹೊಳಪಿನ ನಡುವೆ ಆ ಮೂಲೆಯೊಂದೇ ಕಣ್ಣು ಕುಕ್ಕುತ್ತದೆ. ಪಟ್ಟಿಯಲ್ಲಿ ಹಾಕಿದ ಫೋಟೊದಲ್ಲಿ ಅದೇ ಮೂಲೆ ನೆರಳಿನಲ್ಲಿತ್ತು. ಪತ್ರ ಬರೆದಾಗ ಹತ್ತು ಪೌಂಡ್ ಹಿಂದಿರುಗಿಸಿದರು, ವಿವರಣೆಯನ್ನು ಮಾತ್ರ ತಿದ್ದಲಿಲ್ಲ.

ಆದರೂ ಡಬ್ಬಿಯನ್ನು ಹಿಂದಕ್ಕೆ ಕಳಿಸಲಿಲ್ಲ. ಮಾರುಕಟ್ಟೆಗೆ ಬರುವ ಇಂಥ ಚಿತ್ರಗಳಲ್ಲಿ ಎಷ್ಟೋ ಡಬ್ಬಿಯಿಂದ ಕಿತ್ತು ಆಲ್ಬಮ್ಮಿಗೆ ಅಂಟಿಸಿದವು ಅಥವಾ ಚೌಕಟ್ಟು ಹಾಕಿದವು. ಮುಚ್ಚಳ, ಚಿನ್ನದ ಬಣ್ಣದ ಉಬ್ಬು ಅಂಚುಪಟ್ಟಿ ಮತ್ತು ಒಳಗೂಡುಗಳೊಂದಿಗೆ ಇಡಿಯಾಗಿ ಉಳಿದದ್ದು ನನ್ನ ಕೈಗೆ ಬಂದದ್ದು ಇದೇ ಮೊದಲು. ಕಟ್ಟಿ ಕಳಿಸಿದ ರೀತಿಗೂ ದೂರಿಲ್ಲ. ಇವರಿಂದ ಕೊಳ್ಳುವವರು ನಾಲ್ಕೂ ಮೂಲೆಗಳ ಫೋಟೊವನ್ನು ಹಗಲು ಬೆಳಕಿನಲ್ಲಿ ತೆಗೆಸಿ ತರಿಸಿಕೊಂಡ ಮೇಲೆ ಹಣ ಕಟ್ಟಲಿ. ಐದರಲ್ಲಿ ಮೂರು ಅಂಕ.