ಹೈಬ್ರಿಡ್ ಕಾರಿದೆಯಾ? ಸರ್ವಿಸ್ ಬಿಲ್ ನಂಬಿ ಸುಮ್ನೆ ಕೂರಬೇಡಿ

ನಿಮ್ಮದು ಹೈಬ್ರಿಡ್ ಕಾರಾಗಿದ್ದರೆ, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ ಕೂಡ ಇರುವ ಕಾರಾಗಿದ್ದರೆ, ಇದನ್ನು ಪೂರ್ತಿ ಓದಿ. ಓದಿದ ಮೇಲೆ ಹೋಗಿ ಒಮ್ಮೆ ಬಾನೆಟ್ ಎತ್ತಿ ನೋಡಿ. ನನ್ನ ಕಾರಿಗೆ ತಪ್ಪು ಇಂಜಿನ್ ಆಯಿಲ್ ಹಾಕಿದ್ದು ರಸ್ತೆ ಬದಿಯ ಗ್ಯಾರೇಜಿನವರಲ್ಲ, ಕಂಪನಿಯ ಅಧಿಕೃತ ಡೀಲರ್. ಬಿಲ್‌ನಲ್ಲಿ ಮಾತ್ರ ಸರಿಯಾದ ಆಯಿಲ್ ಹೆಸರೇ ಇತ್ತು. ಬಿಲ್ ಒಂದನ್ನೇ ನೋಡಿದ್ದರೆ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಅದು ಕಾರಿನ ಮೂರನೇ ಸರ್ವಿಸ್. ಸಂಜೆ ಕಾರು ತಗೊಂಡು ಬಂದೆ. ಮರುದಿನ ಬೆಳಿಗ್ಗೆ ಗಾಜು ತೊಳೆಯೋಣ ಅಂದರೆ ವೈಪರ್ ನೀರೇ ಬರಲಿಲ್ಲ. ತುಂಬಿಸೋದಕ್ಕೆ ಬಾನೆಟ್ ಎತ್ತಿದೆ. ಒಳಗೆ ದಾರಕ್ಕೆ ಕಟ್ಟಿದ ಒಂದು ಸಣ್ಣ ಚೀಟಿ ನೇತಾಡುತ್ತಿತ್ತು. ಅದರ ಮೇಲೆ ಮೆಕ್ಯಾನಿಕ್ ಬಾಲ್‌ಪೆನ್ನಿನಲ್ಲಿ ತಾರೀಖು ಬರೆದಿದ್ದ, ಕಿಲೋಮೀಟರ್ ಬರೆದಿದ್ದ, ಕೆಳಗೆ ‘5ಡಬ್ಲ್ಯೂ-30’ ಅಂತ ಬರೆದಿದ್ದ. ಆ ಚೀಟಿಯಿಂದ ಒಂದು ಗೇಣು ಆಚೆ ಆಯಿಲ್ ಕ್ಯಾಪ್ ಇದೆ. ಕ್ಯಾಪ್ ಮೇಲೆ ಅಚ್ಚಾಗಿರೋದು ‘0ಡಬ್ಲ್ಯೂ-16’. ಎರಡೂ ಆಯಿಲ್ ದರ್ಜೆಗಳೇ, ಚೀಟಿಯದ್ದು ಮಂದ, ಕ್ಯಾಪ್‌ನದ್ದು ತೆಳು. ಎರಡನ್ನೂ ಎರಡೆರಡು ಸಲ ಓದಿದೆ. ಒಳಗಿಂದ ಬಿಲ್ ತಂದು ನೋಡಿದರೆ ಅದರಲ್ಲಿ 0ಡಬ್ಲ್ಯೂ-16 ಅಂತಲೇ ಇದೆ.

ಸರ್ವಿಸ್ ಅಡ್ವೈಸರ್‌ಗೆ ಫೋನ್ ಮಾಡಿದೆ.

‘ಎರಡೂ ಫುಲ್ ಸಿಂಥೆಟಿಕ್ಕೇ ಮೇಡಂ. ಏನೂ ಆಗಲ್ಲ.’

‘ಹಾಗಾದ್ರೆ ಬಿಲ್‌ನಲ್ಲಿ ಬೇರೆ ಯಾಕಿದೆ?’

‘ಅದು ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ. ನಿಮ್ದು ಹೈಬ್ರಿಡ್ ಅಲ್ವಾ ಮೇಡಂ, ಇಂಜಿನ್ ಅರ್ಧ ಟೈಮ್ ಆಫೇ ಇರುತ್ತೆ. ಆಯಿಲ್ ಬಗ್ಗೆ ಅಷ್ಟು ತಲೆ ಕೆಡಿಸ್ಕೋಬೇಡಿ.’

ಈ ಕೊನೆಯ ಮಾತು ಕೇಳಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೈಬ್ರಿಡ್ ಕಾರು ಮಾರುವ ಜಾಗದಲ್ಲಿ, ದಿನವೂ ಅದೇ ಕಾರುಗಳನ್ನು ಸರ್ವಿಸ್‌ಗೆ ತಗೊಳ್ಳುವವರು ಆಡುವ ಮಾತಾ ಇದು? ಇಂಜಿನ್ ಆಗಾಗ ಆಫ್ ಆಗುತ್ತದೆ ಅನ್ನೋದೇ ಆಯಿಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದ ಕಾರಣ.

ಸ್ವಲ್ಪ ಯೋಚನೆ ಮಾಡಿ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಆದರೆ ಸಾಮಾನ್ಯವಾಗಿ ನೀವು ನಿಲ್ಲಿಸುವ ತನಕ ಓಡುತ್ತಿರುತ್ತದೆ. ಹೈಬ್ರಿಡ್‌ನಲ್ಲಿ ಹಾಗಲ್ಲ. ಸಿಗ್ನಲ್‌ನಲ್ಲಿ ಆಫ್, ಇಳಿಜಾರಿನಲ್ಲಿ ಆಫ್, ನಿಧಾನವಾಗಿ ಹೋಗುವಾಗ ಆಫ್. ಆಕ್ಸಿಲರೇಟರ್ ಒತ್ತಿದರೆ ಮತ್ತೆ ಆನ್. ಒಂದೇ ಓಡಾಟದಲ್ಲಿ ಹತ್ತಾರು ಸಲ ಹೀಗಾಗುತ್ತದೆ. ನಿಂತಾಗೆಲ್ಲ ಆಯಿಲ್ ಪಂಪ್ ಕೂಡ ನಿಲ್ಲುತ್ತದೆ, ಒತ್ತಡ ಇಳಿಯುತ್ತದೆ, ಆಯಿಲ್ ಕೆಳಗೆ ಜಾರುತ್ತದೆ. ಮತ್ತೆ ಸ್ಟಾರ್ಟ್ ಆಗುವಾಗ ದೊಡ್ಡ ಮೋಟರ್ ಇಂಜಿನ್ನನ್ನು ಒಂದೇ ಏಟಿಗೆ ವೇಗವಾಗಿ ತಿರುಗಿಸುತ್ತದೆ. ಹಳೆ ಕಾಲದ ಸ್ಟಾರ್ಟರ್ ಥರ ನಿಧಾನಕ್ಕೆ ಎಳೆಯೋದಿಲ್ಲ. ಆ ಕ್ಷಣಕ್ಕೆ ಆಯಿಲ್ ಬೇರಿಂಗ್‌ಗಳಿಗೂ ಕ್ಯಾಮ್‌ಶಾಫ್ಟ್‌ಗೂ ಬೇಗ ತಲುಪಬೇಕು. ತೆಳು ಆಯಿಲ್ ಬೇಗ ಹರಿಯುತ್ತದೆ. ತೆಳು ಆಯಿಲ್ ಕೇಳೋದಕ್ಕೆ ಇದೂ ಒಂದು ಕಾರಣ.

ಇನ್ನೊಂದು ವಿಷಯ ಇದೆ, ಇದನ್ನು ತುಂಬಾ ಜನ ಗಮನಿಸೋದಿಲ್ಲ. ಇಂಜಿನ್ ನಿಂತು ನಿಂತು ಓಡುವುದರಿಂದ ಆಯಿಲ್ ಪೂರ್ತಿ ಬಿಸಿಯಾಗೋದೇ ತಡ. ಹತ್ತಿರ ಹತ್ತಿರದ ಓಡಾಟವಷ್ಟೇ ಇದ್ದರಂತೂ ಎಷ್ಟೋ ದಿನ ಬಿಸಿಯೇ ಆಗೋದಿಲ್ಲ. ಬಿಸಿಯಾಗದ ಆಯಿಲ್ ಮಂದವಾಗೇ ಇರುತ್ತದೆ. ಸಾಲದ್ದಕ್ಕೆ, ಉರಿಯದೆ ಉಳಿದ ಪೆಟ್ರೋಲ್ ಮತ್ತು ನೀರಿನ ಹನಿ ಆಯಿಲ್‌ಗೆ ಸೇರುತ್ತವೆ. ಬಿಸಿ ಇದ್ದರೆ ಅವು ಆವಿಯಾಗಿ ಹೋಗುತ್ತವೆ, ಇಲ್ಲದಿದ್ದರೆ ಅಲ್ಲೇ ಉಳಿಯುತ್ತವೆ. ‘ಗಾಡಿ ಅಷ್ಟೇನೂ ಓಡಿಲ್ಲ, ಆಯಿಲ್ ಬದಲಿಸೋದು ಮುಂದಿನ ಸಲ ನೋಡೋಣ’ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ. ಮ್ಯಾನುಯಲ್‌ನಲ್ಲಿ ಕಿಲೋಮೀಟರ್ ಜೊತೆಗೆ ತಿಂಗಳ ಲೆಕ್ಕವೂ ಇರುತ್ತದೆ. ಯಾವುದು ಮೊದಲು ಬರುತ್ತೋ ಅದಕ್ಕೆ ಬದಲಿಸಬೇಕು.

ಈ ನಂಬರ್‌ಗಳ ಅರ್ಥ ನನಗೂ ಮೊದಲು ಸರಿಯಾಗಿ ಗೊತ್ತಿರಲಿಲ್ಲ. ಡಬ್ಲ್ಯೂ ಅಂದರೆ ವಿಂಟರ್. ಅದರ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದನ್ನು ಹೇಳುತ್ತದೆ. ಮುಂದಿನ ಅಂಕಿ ಬಿಸಿಯಾದಾಗ ಎಷ್ಟು ಮಂದ ಅನ್ನೋದನ್ನು ಹೇಳುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದರೆ 16 ದರ್ಜೆಯ ಆಯಿಲ್ 6.1ರಿಂದ 8.2 ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ಮಂದ ಅಂತ ಅಳೆಯುವ ಮಾನ) ಒಳಗೆ ಇರಬೇಕು. 30 ದರ್ಜೆಯದ್ದು 9.3ರಿಂದ 12.5ರ ಒಳಗೆ. ನೋಡಿ, ಎರಡರ ಗಡಿ ಒಂದಕ್ಕೊಂದು ತಾಗುವುದೂ ಇಲ್ಲ. ನಡುವೆ 20ರ ದರ್ಜೆ ಒಂದಿದೆ. ‘ಎರಡೂ ಸಿಂಥೆಟಿಕ್ಕೇ’ ಅನ್ನೋದು ಈ ಪ್ರಶ್ನೆಗೆ ಉತ್ತರವೇ ಅಲ್ಲ. ಸಿಂಥೆಟಿಕ್ ಅನ್ನೋದು ಆಯಿಲ್ ಯಾವ ಬಗೆಯದ್ದು ಅಂತ ಹೇಳುತ್ತದೆ, ಎಷ್ಟು ಮಂದ ಅಂತ ಹೇಳೋದಿಲ್ಲ. ‘0ಡಬ್ಲ್ಯೂ ಎಲ್ಲ ಹಿಮ ಬೀಳುವ ಕಡೆಗೆ ಬೇಕಾದದ್ದು’ ಅಂತಲೂ ಹೇಳುತ್ತಾರೆ. 100 ಡಿಗ್ರಿ ಹತ್ತಿರ ಕೆಲಸ ಮಾಡುವ ಇಂಜಿನ್‌ಗೆ 30 ಡಿಗ್ರಿಯ ಬೆಳಿಗ್ಗೆ ಕೂಡ ತಣ್ಣಗೇ ಅಲ್ವಾ?

ಇಲ್ಲಿ ನಾನು ಸುಮ್ನೆ ಹೆದರಿಸಬಾರದು. ಒಂದು ಸಲ 5ಡಬ್ಲ್ಯೂ-30 ಹಾಕಿದ ಮಾತ್ರಕ್ಕೆ ಇಂಜಿನ್ ಹಾಳಾಗಿ ಹೋಗೋದಿಲ್ಲ. ಒಂದೇ ಇಂಜಿನ್‌ಗೆ ಒಂದು ದೇಶದ ಮ್ಯಾನುಯಲ್ ತೆಳು ಆಯಿಲ್ ಮಾತ್ರ ಹೇಳಿ, ಇನ್ನೊಂದು ದೇಶದ ಮ್ಯಾನುಯಲ್ ಮಂದದ್ದಕ್ಕೂ ಒಪ್ಪುವುದುಂಟು. ಆದರೆ ನನ್ನ ಮ್ಯಾನುಯಲ್‌ನಲ್ಲಿ ಇರೋದು ಸ್ಪಷ್ಟ: 0ಡಬ್ಲ್ಯೂ-16 ಹಾಕಬೇಕು, ಸಿಗದಿದ್ದರೆ ಆ ಒಂದು ಸಲಕ್ಕೆ 0ಡಬ್ಲ್ಯೂ-20 ನಡೆಯುತ್ತದೆ, ಮುಂದಿನ ಬದಲಾವಣೆಯಲ್ಲಿ ಮತ್ತೆ 0ಡಬ್ಲ್ಯೂ-16ಕ್ಕೇ ಬರಬೇಕು. 5ಡಬ್ಲ್ಯೂ-30ರ ಹೆಸರೇ ಅಲ್ಲಿಲ್ಲ. ಮಂದ ಆಯಿಲ್ ತಿರುಗಿಸೋದಕ್ಕೆ ಇಂಜಿನ್ ಶಕ್ತಿ ಜಾಸ್ತಿ ಖರ್ಚಾಗುತ್ತದೆ, ಅಂದರೆ ಮೈಲೇಜ್ ಹೋಗುತ್ತದೆ. ಮೈಲೇಜ್‌ಗೋಸ್ಕರವೇ ಹೈಬ್ರಿಡ್ ತಗೊಂಡವರಿಗೆ ಇದು ಸಣ್ಣ ವಿಷಯವಲ್ಲ. ಮುಂದೆ ಏನಾದರೂ ವಾರಂಟಿ ಕೇಳಬೇಕಾಗಿ ಬಂದಾಗ, ಒಳಗೆ ಏನಿತ್ತು ಅಂತ ಕೇಳಿದರೆ ನನ್ನ ಕೈಯಲ್ಲಿ ಇರೋದು ಸುಳ್ಳು ಬಿಲ್.

ಚೀಟಿ, ಕ್ಯಾಪ್, ಬಿಲ್ ಮೂರರ ಫೋಟೋ ತೆಗೆದುಕೊಂಡು ಅವತ್ತೇ ಹೋದೆ. ನೀವೂ ಮೊದಲು ಫೋಟೋ ತೆಗೆಯಿರಿ, ಆಮೇಲೆ ಮಾತಾಡಿ. ಮ್ಯಾನೇಜರ್ ಮೊದಲಿಗೆ ‘ಹುಡುಗ ತಪ್ಪು ಬರೆದಿರ್ತಾನೆ’ ಅಂದರು. ಹಾಗಾದರೆ ಸ್ಟೋರ್‌ನಿಂದ ನನ್ನ ಜಾಬ್ ಕಾರ್ಡ್ (ಸರ್ವಿಸ್ ಕೆಲಸ ಬರೆಯುವ ಹಾಳೆ) ನಂಬರ್‌ಗೆ ಯಾವ ಆಯಿಲ್ ಕೊಟ್ಟಿದ್ದಾರೆ, ಆ ಸ್ಲಿಪ್ ತೋರಿಸಿ ಅಂದೆ. ಹತ್ತು ನಿಮಿಷ ಅಂದವರು ಒಂದು ಗಂಟೆ ಕೂರಿಸಿದರು. ಕೊನೆಗೆ ಸ್ಲಿಪ್ ಬಂತು. ಅದರಲ್ಲಿ ಫಿಲ್ಟರ್ ಇದೆ, ಡ್ರೈನ್ ಬೋಲ್ಟ್‌ನ ವಾಷರ್ ಇದೆ, ಆಯಿಲ್ ಮಾತ್ರ ಇಲ್ಲ. ಯಾಕಂದರೆ ಆಯಿಲ್ ಬಾಟಲಿಯಿಂದ ಹೋಗಿರಲೇ ಇಲ್ಲ. ದೊಡ್ಡ ಡ್ರಮ್‌ನಿಂದ ಪೈಪ್ ಎಳೆದು ಗನ್‌ನಲ್ಲಿ ಹಾಕುತ್ತಾರಲ್ಲ, ಅದರಿಂದ ಹೋಗಿತ್ತು. ಡ್ರಮ್‌ನಲ್ಲಿ ಇದ್ದದ್ದು 5ಡಬ್ಲ್ಯೂ-30. ಬಿಲ್ ಮಾಡುವವರು ಮಾಡೆಲ್ ಹೆಸರು ಒತ್ತಿದರೆ ಕಂಪ್ಯೂಟರ್ ತಾನಾಗೇ 0ಡಬ್ಲ್ಯೂ-16 ಅಂತ ಅಚ್ಚು ಹಾಕುತ್ತದೆ. ಇಂಜಿನ್‌ಗೆ ಹೋದ ಆಯಿಲ್‌ಗೂ ಆ ಕಾಗದಕ್ಕೂ ಸಂಬಂಧವೇ ಇಲ್ಲ.

ಆ ಮೆಕ್ಯಾನಿಕ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹಾಕಿದ್ದನ್ನೇ ಬರೆದಿದ್ದ. ಆ ಕಟ್ಟಡದಲ್ಲಿ ನಿಜ ಬರೆದಿದ್ದು ಅವನೊಬ್ಬನೇ. ಅವನ ಮೇಲೆ ಹಾಕಬೇಡಿ ಅಂತ ಮ್ಯಾನೇಜರ್‌ಗೆ ಬಿಡಿಸಿ ಹೇಳಿ ಬಂದಿದ್ದೇನೆ.

ಆಯಿಲ್ ಇಳಿಸಿ, ಹೊಸ ಫಿಲ್ಟರ್ ಹಾಕಿ, ಸರಿಯಾದದ್ದು ತುಂಬಿಸಿಕೊಡಲು ಒಪ್ಪಿದರು. ಬಾಟಲಿ ನನ್ನೆದುರೇ ಸೀಲ್ ಒಡೆಯಬೇಕು ಅಂದೆ, ಅದಕ್ಕೂ ಒಪ್ಪಿದರು. ಇಷ್ಟೆಲ್ಲ ಆದ ಮೇಲೂ ಇನ್ನೊಂದು ತಪ್ಪು ನಡೆಯಿತು. ಮನೆಗೆ ಬಂದು ಹತ್ತು ನಿಮಿಷ ಬಿಟ್ಟು, ಸಮತಟ್ಟು ಜಾಗದಲ್ಲಿ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದೆ. ಒರೆಸಿ, ಮತ್ತೆ ಇಳಿಸಿ, ಎಳೆದು ನೋಡಿದೆ. ಆಯಿಲ್ ಮೇಲಿನ ಗುರುತು ದಾಟಿ ಒಂದು ಬೆರಳಷ್ಟು ಮೇಲಿದೆ. ತೆರೆದ ಬಾಟಲಿಯಲ್ಲಿ ಉಳಿಸೋದು ಯಾಕೆ ಅಂತ ಪೂರ್ತಿ ಸುರಿದಿದ್ದರು. ಆಯಿಲ್ ಜಾಸ್ತಿಯಾದರೂ ಕೆಟ್ಟದ್ದೇ. ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲ್ ಕಡೆದು ನೊರೆ ಮಾಡುತ್ತದೆ, ನೊರೆಯಲ್ಲಿ ಒತ್ತಡ ನಿಲ್ಲೋದಿಲ್ಲ. ಮತ್ತೆ ಹೋಗಿ ಹೆಚ್ಚಿನದ್ದನ್ನು ತೆಗೆಸಿದೆ. ಒಂದು ಆಯಿಲ್ ಬದಲಾವಣೆಗೆ ಮೂರು ಓಡಾಟ.

ಈಗ ನಿಮ್ಮ ವಿಷಯ. ಹೈಬ್ರಿಡ್ ಅಂದ ತಕ್ಷಣ ಎಲ್ಲದಕ್ಕೂ ಒಂದೇ ಆಯಿಲ್ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಮಾರಿದ ಟೊಯೋಟಾ ಪ್ರಿಯಸ್ ಒಂದನ್ನೇ ತಗೊಳ್ಳಿ. 2004ರಿಂದ 2009ರವರೆಗಿನ ಮಾದರಿಗೆ ಮ್ಯಾನುಯಲ್ ಹೇಳಿದ್ದು 5ಡಬ್ಲ್ಯೂ-30. 2010ರ ಮಾದರಿಗೆ ಅದು 0ಡಬ್ಲ್ಯೂ-20 ಆಯಿತು. ಹೆಸರು ಒಂದೇ, ಆಯಿಲ್ ಬೇರೆ. ಹೋಂಡಾದ ಎಷ್ಟೋ ಹೈಬ್ರಿಡ್‌ಗಳು ಕೇಳೋದೂ 0ಡಬ್ಲ್ಯೂ-20. ಹಾಗಾಗಿ ಗೆಳೆಯರು ಹೇಳಿದ್ದು, ನಾನು ಇಲ್ಲಿ ಬರೆದಿದ್ದು ಎರಡನ್ನೂ ಬದಿಗಿಟ್ಟು ನಿಮ್ಮ ಕಾರಿನ ಜೊತೆ ಬಂದ ಮ್ಯಾನುಯಲ್ ತೆರೆಯಿರಿ. ದರ್ಜೆ ಏನು, ಎಷ್ಟು ಲೀಟರ್, ಫಿಲ್ಟರ್ ಬದಲಿಸಿದರೆ ಎಷ್ಟು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಾರಿನಲ್ಲೇ ಇಡಿ.

ಸರ್ವಿಸ್‌ಗೆ ಬಿಡುವಾಗ ಜಾಬ್ ಕಾರ್ಡ್ ಮೇಲೆ ‘ಇಂಜಿನ್ ಆಯಿಲ್’ ಅಂತಷ್ಟೇ ಇದ್ದರೆ ಸಹಿ ಹಾಕಬೇಡಿ. ದರ್ಜೆ ಕೈಯಲ್ಲಿ ಬರೆಸಿ, ಅದರ ಫೋಟೋ ತಗೊಳ್ಳಿ. ‘ಡ್ರಮ್‌ನಿಂದ ಹಾಕ್ತೀರಾ, ಬಾಟಲಿಯಿಂದಾ?’ ಅಂತ ನೇರವಾಗಿ ಕೇಳಿ. ಡ್ರಮ್ ಅಂದರೆ ಅದರ ಲೇಬಲ್ ತೋರಿಸಿ ಅನ್ನಿ. ಬಾಟಲಿ ಅಂದರೆ ಖಾಲಿ ಬಾಟಲಿ ನನಗೆ ಬೇಕು ಅನ್ನಿ. ಬಾಟಲಿಯ ಮೇಲೆ ಎಪಿಐ (ಆಯಿಲ್ ಗುಣಮಟ್ಟಕ್ಕೆ ಗುರುತು ಕೊಡುವ ಅಮೆರಿಕದ ಸಂಸ್ಥೆ) ಗುರುತು ಇದೆಯಾ ನೋಡಿ. 0ಡಬ್ಲ್ಯೂ-16ಕ್ಕೆ ಪ್ರತ್ಯೇಕ ಗುಣಮಟ್ಟದ ಮಾನದಂಡವೇ ಇದೆ. 2020ರಲ್ಲಿ ಬಂದ ಜಿಎಫ್-6ಬಿ, ಆಮೇಲೆ ಬಂದ ಜಿಎಫ್-7ಬಿ ಅದಕ್ಕೆ ಸೇರಿದ್ದು, ಅದರ ಗುರುತು ಗುರಾಣಿಯ ಆಕಾರದಲ್ಲಿರುತ್ತದೆ. ಕಾರು ತಗೊಳ್ಳುವ ಮೊದಲು ಅಲ್ಲೇ ಡಿಪ್‌ಸ್ಟಿಕ್ ತೆಗೆಸಿ ನೋಡಿ. ಅವಸರದಲ್ಲಿದ್ದೇವೆ ಅಂದರೂ ಬಿಡಬೇಡಿ.

ಹೇಳಿದ ಹಾಗೆ, ಎಸಿ ಕೆಲಸ ಮಾಡಿಸುವವರೂ ಸ್ವಲ್ಪ ಹುಷಾರು. ಹೈಬ್ರಿಡ್‌ನಲ್ಲಿ ಎಸಿ ಕಂಪ್ರೆಸರ್ ಹೆಚ್ಚಾಗಿ ಹೈ ವೋಲ್ಟೇಜ್ ಕರೆಂಟ್‌ನಲ್ಲೇ ಓಡುತ್ತದೆ. ಅಂಥದಕ್ಕೆ ಕರೆಂಟ್ ಹರಿಯಲು ಬಿಡದ ಬೇರೆಯದೇ ಆಯಿಲ್ ಬೇಕು. ಸಾಮಾನ್ಯ ಕಾರಿನ ಕಂಪ್ರೆಸರ್ ಆಯಿಲ್ ಬೆರೆತರೆ ಕರೆಂಟ್ ಸೋರುವ ಅಪಾಯವಿದೆ. ಅದನ್ನೂ ಕೇಳಿಯೇ ಮಾಡಿಸಿ.

ನನಗೆ ಇನ್ನೂ ಸಮಾಧಾನ ಆಗಿಲ್ಲ. ಮೊದಲ ಎರಡು ಸರ್ವಿಸ್ ಕೂಡ ಅಲ್ಲೇ ಆಗಿದ್ದು. ಆ ಎರಡು ಬಿಲ್‌ಗಳಲ್ಲೂ 0ಡಬ್ಲ್ಯೂ-16 ಅಂತಲೇ ಇದೆ. ಆಗ ಚೀಟಿ ಕಟ್ಟಿದ್ದರೋ ಇಲ್ಲವೋ ನಾನು ನೋಡಿಲ್ಲ. ಆ ಎರಡು ಸಲ ಯಾವ ಆಯಿಲ್ ಹಾಕಿದಿರಿ ಅಂತ ಲಿಖಿತವಾಗಿ ಕೇಳಿದ್ದೇನೆ. ಅದೇ ಡ್ರಮ್‌ನಿಂದ ಆಯಿಲ್ ಹಾಕಿಸಿಕೊಂಡ ಬೇರೆ ಹೈಬ್ರಿಡ್ ಮಾಲೀಕರಿಗೆ ತಿಳಿಸುತ್ತೀರಾ ಅಂತಲೂ ಕೇಳಿದ್ದೇನೆ. ‘ನಿಗದಿತ ಗುಣಮಟ್ಟದ ಆಯಿಲ್ ಬಳಸಲಾಗಿದೆ’ ಅಂತ ಒಂದು ಸಾಲಿನ ಉತ್ತರ ಬಂತು. ಯಾವ ದರ್ಜೆ ಅಂತ ಅದರಲ್ಲಿಲ್ಲ. ಕಾರು ಕಂಪನಿಗೇ ಈಗ ಫೋಟೋಗಳ ಸಮೇತ ಬರೆದಿದ್ದೇನೆ. ಅಲ್ಲಿಂದ ಏನು ಉತ್ತರ ಬರುತ್ತದೋ ಅದನ್ನು ಈ ಬರಹದ ಕೆಳಗೇ ಸೇರಿಸುತ್ತೇನೆ.